ಬೇರೆ ಕಂಪನಿಯ ಫೋನಿಗೆ ಹೋಗಬೇಕಾ? ಬಳ್ಳಾರಿ, ರಾಯಚೂರು, ಕೊಪ್ಪಳದವರು ಮೊದಲು ನೋಡಬೇಕಾದ್ದು

ಮೊಬೈಲ್ ಅಂಗಡಿಯಲ್ಲಿ ಮಾತು ಶುರುವಾಗುವುದೇ ಕ್ಯಾಮೆರಾದಿಂದ. ಎಷ್ಟು ಮೆಗಾಪಿಕ್ಸೆಲ್, ಎಷ್ಟು ಝೂಮ್, ಸೆಲ್ಫಿ ಹೇಗೆ ಬರುತ್ತೆ. ಬೆಂಗಳೂರಿನಲ್ಲೂ ಇದೇ ಮಾತು, ಗಂಗಾವತಿ ಸಿಂಧನೂರಿನಲ್ಲೂ ಇದೇ ಮಾತು. ಆದರೆ ನಮ್ಮ ಕಡೆ ಫೋನಿಗೆ ಬೀಳುವ ಪೆಟ್ಟೇ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಸಂಡೂರು ಕಡೆ ಅದಿರಿನ ಕೆಂಪು ಧೂಳು, ಗಂಗಾವತಿ ಕಾರಟಗಿಯಲ್ಲಿ ರೈಸ್ ಮಿಲ್ಲಿನ ಹೊಟ್ಟು, ಬಳ್ಳಾರಿಯ ಜೀನ್ಸ್ ಯೂನಿಟ್‌ಗಳಲ್ಲಿ ಬಟ್ಟೆಯ ನೂಲಿನ ಪುಡಿ. ಫೋನ್ ಕೆಟ್ಟರೆ ಎಷ್ಟೋ ಜನ ಸರ್ವಿಸ್ ಸೆಂಟರಿಗೆ ಬಸ್ಸು ಹತ್ತಿಯೇ ಹೋಗಬೇಕು. ಹಾಗಾಗಿ ಕಂಪನಿ ಬದಲಿಸಬೇಕಾ ಬೇಡವಾ ಅನ್ನುವುದನ್ನು ನಮ್ಮಲ್ಲಿ ಬಿಸಿಲು, ಧೂಳು, ಸರ್ವಿಸ್ ಸೆಂಟರಿನ ದೂರ ನೋಡಿಕೊಂಡು ತೀರ್ಮಾನ ಮಾಡಬೇಕು. ಕ್ಯಾಮೆರಾ ಆಮೇಲೆ ನೋಡಿದರಾಯಿತು.

ಬೇಸರ ಯಾವುದರ ಮೇಲೆ?

ಬೇರೆ ಕಂಪನಿಯ ಯೋಚನೆ ಬರುವುದು ಹಳೇ ಫೋನು ಕೈಕೊಟ್ಟಾಗ. ಚಾರ್ಜ್ ನಿಲ್ಲುತ್ತಿಲ್ಲ, ಹ್ಯಾಂಗ್ ಆಗುತ್ತಿದೆ, ಕೈ ಸುಡುವಷ್ಟು ಬಿಸಿಯಾಗುತ್ತಿದೆ. ಇವು ಯಾವ ಕಂಪನಿಯ ಫೋನಿಗಾದರೂ ಒಂದು ದಿನ ಬರುವ ಕಾಯಿಲೆಗಳೇ. ಬ್ಯಾಟರಿಯಂತೂ ಸವೆಯಲೇಬೇಕು. ಆಪಲ್ ಕಂಪನಿ ತಾನೇ ಹೇಳುವ ಲೆಕ್ಕದಲ್ಲಿ, ಐಫೋನ್ 14 ಮತ್ತು ಅದಕ್ಕಿಂತ ಹಳೆಯ ಫೋನುಗಳ ಬ್ಯಾಟರಿ 500 ಸಲ ಪೂರ್ತಿ ಚಾರ್ಜ್ ಆಗುವ ಹೊತ್ತಿಗೆ ಮೊದಲಿನ ಶೇ. 80ರಷ್ಟು ಶಕ್ತಿ ಉಳಿಸಿಕೊಂಡಿರುತ್ತದೆ. ಐಫೋನ್ 15ರಿಂದ ಮುಂದೆ ಅದು 1000 ಸಲ. ದಿನಕ್ಕೊಂದು ಸಲ ಚಾರ್ಜ್ ಅಂದುಕೊಂಡರೆ 500 ಸಲ ಮುಗಿಯಲು ಒಂದೂವರೆ ವರ್ಷವೂ ಬೇಕಿಲ್ಲ. ಅದೂ ಹದವಾದ ಹವೆಯಲ್ಲಿ. ನಮ್ಮ ಬಿಸಿಲಲ್ಲಿ ಇನ್ನೂ ಬೇಗ ಸವೆಯುತ್ತದೆ. ಎರಡು ಮೂರು ವರ್ಷದ ಫೋನು ಮಧ್ಯಾಹ್ನಕ್ಕೇ ಖಾಲಿಯಾಗುತ್ತಿದ್ದರೆ, ಕಂಪನಿ ಬದಲಿಸುವ ಮೊದಲು ಸರ್ವಿಸ್ ಸೆಂಟರಿನಲ್ಲಿ ಹೊಸ ಬ್ಯಾಟರಿಗೆ ಎಷ್ಟಾಗುತ್ತದೆ ಅಂತ ಕೇಳಿ. ಹೊಸ ಫೋನಿನ ಬೆಲೆಯ ಮುಂದೆ ಅದು ಸಣ್ಣ ಮೊತ್ತ.

ಚಾರ್ಜಿಂಗ್ ಪಿನ್ನಿನ ಕಥೆ ಇನ್ನೂ ಸಣ್ಣದು. ಬಳ್ಳಾರಿಯ ಒಂದು ರಿಪೇರಿ ಅಂಗಡಿಯಲ್ಲಿ ಕಣ್ಣಾರೆ ನೋಡಿದ್ದು ಇದು. ಜೀನ್ಸ್ ಹೊಲಿಯುವ ಅಣ್ಣ ಒಬ್ಬರು ಬಂದು "ಈ ಕಂಪನಿ ಸೆಟ್ಟೇ ಸರಿ ಇಲ್ರಿ, ಬ್ಯಾರೇದು ತೋರಸ್ರಿ" ಅಂದರು. ಕೇಬಲ್ ಪೂರ್ತಿ ಒಳಗೆ ಕೂರುತ್ತಿರಲಿಲ್ಲ. ಸ್ವಲ್ಪ ಅಲುಗಿದರೂ ಚಾರ್ಜ್ ಕಟ್. ಅಂಗಡಿಯ ಹುಡುಗ ಫೋನ್ ಆಫ್ ಮಾಡಿ, ಲೈಟಿನ ಕೆಳಗೆ ಹಿಡಿದು, ತೆಳ್ಳನೆಯ ಪ್ಲಾಸ್ಟಿಕ್ ಕಡ್ಡಿಯಿಂದ ಪೋರ್ಟಿನ ಮೂಲೆ ಕೆದಕಿದ. ಒಳಗೆ ಒತ್ತಿ ಒತ್ತಿ ಗಟ್ಟಿಯಾಗಿದ್ದ ನೀಲಿ ನೂಲಿನ ಪುಡಿ ಒಂದು ಸಣ್ಣ ಬಿಲ್ಲೆಯ ಹಾಗೆ ಹೊರಗೆ ಬಂತು. ಆಮೇಲೆ ಕೇಬಲ್ ಟಕ್ ಅಂತ ಕೂತಿತು, ಪರದೆ ಮೇಲೆ ಫಾಸ್ಟ್ ಚಾರ್ಜಿಂಗ್ ಅಂತ ಬಂತು. ಅವತ್ತು ಆ ಅಣ್ಣನಿಗೆ ಹೊಸ ಫೋನಿನ ಅಗತ್ಯವೇ ಬೀಳಲಿಲ್ಲ. ನೀವು ಮನೆಯಲ್ಲಿ ಮಾಡುವುದಾದರೆ ಸೂಜಿ, ಗುಂಡುಪಿನ್ನು ಹಾಕಬೇಡಿ. ಒಳಗಿನ ಕಾಂಟ್ಯಾಕ್ಟ್ ಹಾಳಾಗುತ್ತದೆ.

ಹ್ಯಾಂಗ್ ಆಗುವುದಕ್ಕೆ ದೊಡ್ಡ ಕಾರಣ ಸ್ಟೋರೇಜ್ ತುಂಬಿರುವುದು. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂತ ಇದೆ, ಯಾವ ಗ್ರೂಪಿನ ವಿಡಿಯೋಗಳು ಎಷ್ಟು ಜಾಗ ತಿಂದಿವೆ ಅಂತ ಅಲ್ಲೇ ಕಾಣುತ್ತದೆ. ಅಳಿಸಿ, ಒಂದು ವಾರ ಬಳಸಿ ನೋಡಿ.

ಇಷ್ಟೆಲ್ಲ ಆದಮೇಲೂ ಕಂಪನಿ ಬದಲಿಸಲು ಗಟ್ಟಿ ಕಾರಣಗಳು ಇರುತ್ತವೆ. ಸೆಕ್ಯುರಿಟಿ ಅಪ್‌ಡೇಟ್ ನಿಂತುಹೋಗಿದೆ. ಡಿಸ್‌ಪ್ಲೇ ಒಡೆದರೆ ಪಾರ್ಟ್ ಸಿಗುತ್ತಿಲ್ಲ. ಹೊಲದಲ್ಲಿ ಪಕ್ಕದವರ ಫೋನಿಗೆ ಸಿಗುವ ನೆಟ್‌ವರ್ಕ್ ನಿಮ್ಮದಕ್ಕೆ ಸಿಗುತ್ತಿಲ್ಲ. ಫೋನ್ ತುಂಬ ಜಾಹೀರಾತು. ಈ ನಾಲ್ಕರಲ್ಲಿ ಒಂದಾದರೂ ಇದ್ದರೆ ಮುಂದೆ ಓದಿ.

ಹೆಸರು ಬೇರೆ, ಮನೆ ಒಂದೇ

ಕಂಪನಿ ಬದಲಿಸಿದೆ ಅಂದುಕೊಂಡು ಬದಲಿಸದೇ ಇರುವವರು ಬಹಳ. ರೆಡ್ಮಿ ಮತ್ತು ಪೋಕೋ ಎರಡೂ ಶಿಯೋಮಿಯವೇ. ಎರಡರ ಒಳಗೂ ಈಗ ಅದೇ ಕಂಪನಿಯ ಸಾಫ್ಟ್‌ವೇರ್ ಹೈಪರ್‌ಓಎಸ್. ರೆಡ್ಮಿಯ ಜಾಹೀರಾತಿಗೆ ಬೇಸತ್ತು ಪೋಕೋ ತಗೊಂಡರೆ ಹೆಚ್ಚೇನೂ ಬದಲಾಗುವುದಿಲ್ಲ. ರಿಯಲ್‌ಮಿ 2018ರಲ್ಲಿ ಶುರುವಾಗಿದ್ದು ಒಪ್ಪೋ ಒಳಗಿನಿಂದಲೇ. ಒನ್‌ಪ್ಲಸ್‌ನ ಆಕ್ಸಿಜನ್‌ಓಎಸ್ ಕೂಡ 2021ರಿಂದ ಒಪ್ಪೋದ ಕಲರ್‌ಓಎಸ್ ತಳಪಾಯದ ಮೇಲೆಯೇ ನಿಂತಿದೆ. ಐಕೂ ಅಂದರೆ ವಿವೋ. ಮೊಟೊರೊಲಾ 2014ರಿಂದ ಲೆನೊವೊ ಕೈಯಲ್ಲಿದೆ.

ಇದರಲ್ಲಿ ಒಂದು ಲಾಭವೂ ಇದೆ. ಒಪ್ಪೋದಿಂದ ರಿಯಲ್‌ಮಿಗೋ ಒನ್‌ಪ್ಲಸ್‌ಗೋ ಹೋದರೆ ಸೆಟ್ಟಿಂಗ್ಸ್ ಎಲ್ಲ ಕೈಗೆ ಪರಿಚಿತ ಅನ್ನಿಸುತ್ತದೆ. ಮನೆಯಲ್ಲಿ ಅಮ್ಮನಿಗೋ ಮಾವನಿಗೋ ಹೊಸ ಫೋನ್ ಕೊಡಿಸುವಾಗ ಈ ಪರಿಚಯಕ್ಕೆ ತುಂಬ ಬೆಲೆ ಇದೆ. ಕರೆ ಬಂದಾಗ ಮೇಲಕ್ಕೆ ಎಳೆಯಬೇಕಾ, ಪಕ್ಕಕ್ಕೆ ಎಳೆಯಬೇಕಾ ಅನ್ನುವುದೇ ಅವರಿಗೆ ದೊಡ್ಡ ತಲೆನೋವು. ಅವರ ಹಳೇ ಫೋನಿನ ಮನೆತನದಲ್ಲೇ ಹೊಸದು ನೋಡಿ.

ಬಿಸಿಲು

ಆಪಲ್, ಸ್ಯಾಮ್‌ಸಂಗ್ ಎರಡೂ ತಮ್ಮ ಫೋನುಗಳನ್ನು 0ಯಿಂದ 35 ಡಿಗ್ರಿ ಒಳಗಿನ ಹವೆಯಲ್ಲಿ ಬಳಸಿ ಅನ್ನುತ್ತವೆ. ಮಾರ್ಚ್‌ನಿಂದ ಜೂನ್‌ವರೆಗೆ ನಮ್ಮ ಮಧ್ಯಾಹ್ನಗಳು ಆ ಗೆರೆಯ ಆಚೆಗೇ ಇರುತ್ತವೆ. ಬೈಕಿನ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿ, ಮ್ಯಾಪ್ ಹಾಕಿಕೊಂಡು ರಾಯಚೂರಿನಿಂದ ಮಾನ್ವಿಗೆ ಹೊರಟರೆ ದಾರಿಯಲ್ಲೇ ಪರದೆ ತಾನಾಗಿ ಮಂಕಾಗುತ್ತದೆ, ಚಾರ್ಜ್ ಆಗುವುದು ನಿಲ್ಲುತ್ತದೆ, ಕೊನೆಗೆ ತಣ್ಣಗಾಗುವ ತನಕ ಕಾಯಿರಿ ಅನ್ನುವ ಸೂಚನೆ ಬರಬಹುದು. ಅದು ಫೋನಿನ ದೋಷವಲ್ಲ, ಬ್ಯಾಟರಿ ಉಳಿಸಿಕೊಳ್ಳಲು ಫೋನ್ ತಾನೇ ಮಾಡಿಕೊಳ್ಳುವ ಏರ್ಪಾಡು. ದುಬಾರಿ ಫೋನಿಗೂ ಇದು ತಪ್ಪಿದ್ದಲ್ಲ.

ಆದರೆ ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಕಾಣುವ ಜಾಗಗಳೂ ಇವೆ. ಮೊದಲನೆಯದು ಪ್ರೊಸೆಸರ್. ಗೇಮ್‌ಗೆ ಅಂತಲೇ ಮಾಡಿದ ಜೋರು ಚಿಪ್ ಇರುವ ಫೋನು ಹೆಚ್ಚು ಕಾವು ಬಿಡುತ್ತದೆ. ಫೋನ್ ಕರೆ, ವಾಟ್ಸಾಪ್, ಫೋನ್‌ಪೇ, ಯೂಟ್ಯೂಬ್ ಇಷ್ಟೇ ಬಳಕೆ ಇದ್ದರೆ ಆ ಜೋರಿಗೆ ದುಡ್ಡು ಕೊಡುವುದು ಬೇಡ. ಎರಡನೆಯದು ಪರದೆ. ಬಾಕ್ಸ್ ಮೇಲೆ 4500 ನಿಟ್ಸ್ ಅಂತೆಲ್ಲ ಬರೆದಿರುತ್ತಾರೆ. ಅದು ಪರದೆಯ ಒಂದು ಸಣ್ಣ ಭಾಗ ಒಂದು ಕ್ಷಣ ಮುಟ್ಟಬಹುದಾದ ಗರಿಷ್ಠ ಬೆಳಕು. ಪರದೆಯೆಲ್ಲ ಸೇರಿ ಬಿಸಿಲಲ್ಲಿ ಕೊಡುವ ಬೆಳಕು ಅದಕ್ಕಿಂತ ಬಹಳ ಕಡಿಮೆ. ಆ ಸಂಖ್ಯೆ ನೋಡುವ ಬದಲು ಡೆಮೊ ಫೋನನ್ನು ಅಂಗಡಿಯ ಬಾಗಿಲಾಚೆ ತಗೊಂಡು ಹೋಗಿ. ಮಧ್ಯಾಹ್ನ ಹನ್ನೆರಡರಿಂದ ಮೂರರ ಒಳಗೆ ಹೋದರೆ ಒಳ್ಳೆಯದು. ಬಿಸಿಲಲ್ಲಿ ನಿಂತು ಒಂದು ವಾಟ್ಸಾಪ್ ಮೆಸೇಜ್ ಓದಲು ಆಗುತ್ತಾ ನೋಡಿ. ಕೈ ಅಡ್ಡ ಹಿಡಿಯದೆ ಓದಲು ಆಗದ ಫೋನು ನಮ್ಮ ಹೊಲಕ್ಕೆ, ಗಣಿಗೆ, ರೋಡಿಗೆ ಆಗಿಬರುವುದಿಲ್ಲ. ಅಂಗಡಿಯವರು ಹೊರಗೆ ಬಿಡದಿದ್ದರೆ ಅವರ ಜೊತೆಗೇ ಬಾಗಿಲ ತನಕ ಹೋಗಿ. ಇದಕ್ಕೆ ಸಂಕೋಚ ಬೇಡ.

ಬ್ಯಾಟರಿ ಗಾತ್ರದಲ್ಲಿ ಈಗ ಕಂಪನಿಗಳ ನಡುವೆ ದೊಡ್ಡ ಅಂತರ ಬಂದಿದೆ. ಸ್ಯಾಮ್‌ಸಂಗ್ ಎ ಸರಣಿಯ ಹೆಚ್ಚಿನ ಫೋನುಗಳು 5000 ಎಂಎಎಚ್‌ನಲ್ಲೇ ನಿಂತಿವೆ. 2025ರ ಏಪ್ರಿಲ್‌ನಲ್ಲಿ ಬಂದ ಐಕೂ ಝಡ್10ರಲ್ಲಿ 7300 ಎಂಎಎಚ್ ಇದೆ. ಬೆಳಗ್ಗೆ ಹೊಲಕ್ಕೆ ಹೋಗಿ ಸಂಜೆ ಬರುವವರಿಗೆ, ಲಾರಿ ಓಡಿಸುವವರಿಗೆ, ಜೆಸ್ಕಾಂ ಕರೆಂಟ್ ಯಾವಾಗ ಹೋಗುತ್ತೋ ಅನ್ನುವ ಹಳ್ಳಿಯವರಿಗೆ ಇದೊಂದೇ ಕಾರಣಕ್ಕೆ ಕಂಪನಿ ಬದಲಿಸಿದರೂ ತಪ್ಪಿಲ್ಲ ಅಂತ ನನ್ನ ಅಭಿಪ್ರಾಯ.

ಧೂಳು

ಬಾಕ್ಸ್ ಮೇಲೆ ಐಪಿ54, ಐಪಿ67, ಐಪಿ68 ಅಂತ ಇರುತ್ತದೆ. ಅಂಗಡಿಯವರು ಇದನ್ನು ನೀರಿನ ಮಾತಾಗಿಯೇ ಹೇಳುತ್ತಾರೆ. ನೀರಿಗೆ ಸಂಬಂಧಿಸಿದ್ದು ಎರಡನೇ ಅಂಕಿ ಮಾತ್ರ. ಮೊದಲ ಅಂಕಿ ಧೂಳಿನದು. ಅಲ್ಲಿ 5 ಇದ್ದರೆ ಸ್ವಲ್ಪ ಧೂಳು ಒಳಗೆ ಹೋಗಬಹುದು, ಕೆಲಸಕ್ಕೆ ತೊಂದರೆಯಾಗದಷ್ಟು. 6 ಇದ್ದರೆ ಧೂಳು ಒಳಗೆ ಹೋಗುವುದೇ ಇಲ್ಲ. ತೋರಣಗಲ್ಲು, ಸಂಡೂರು, ಗಿಣಿಗೇರಾ ಕಡೆ ಕೆಲಸ ಮಾಡುವವರು, ಮಿಲ್ಲಿನಲ್ಲಿ, ಹತ್ತಿ ಜಿನ್ನಿಂಗ್‌ನಲ್ಲಿ ಇರುವವರು ಮೊದಲ ಅಂಕಿ 6 ಇರುವ ಫೋನನ್ನೇ ಹುಡುಕಿ.

ಮೊದಲು ಇದು ದುಬಾರಿ ಫೋನುಗಳಲ್ಲಿ ಮಾತ್ರ ಇರುತ್ತಿತ್ತು. ಈಗ ಹಾಗಿಲ್ಲ. 2024ರ ಗ್ಯಾಲಕ್ಸಿ ಎ35, ಎ55 ಎರಡಕ್ಕೂ ಐಪಿ67 ಇದೆ. ರೆಡ್ಮಿ ನೋಟ್ 14 ಪ್ರೋಗೆ ಐಪಿ68. ಅದೇ ಸ್ಯಾಮ್‌ಸಂಗ್‌ನ ಎ16ಕ್ಕೆ ಐಪಿ54 ಮಾತ್ರ. ಅಂದರೆ ಇಲ್ಲಿ ಕಂಪನಿಗಿಂತ ಮಾಡೆಲ್ ಮುಖ್ಯ. ಇನ್ನೊಂದು ವಿಷಯ ನೆನಪಿಡಿ: ಐಪಿ ಎಷ್ಟೇ ಇದ್ದರೂ ನೀರು ಹೋಗಿ ಕೆಟ್ಟರೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ. ಡಿಸ್‌ಪ್ಲೇ ಬದಲಿಸಲು ಹೊರಗಿನ ಅಂಗಡಿಯಲ್ಲಿ ಫೋನ್ ಬಿಚ್ಚಿಸಿದರೆ ಒಳಗಿನ ಗಮ್ ಸೀಲ್ ಹೋಗುತ್ತದೆ, ಆಮೇಲೆ ಆ ಅಂಕಿಯನ್ನು ನಂಬುವಂತಿಲ್ಲ.

ಸರ್ವಿಸ್ ಸೆಂಟರ್ ಎಷ್ಟು ದೂರ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಕುಷ್ಟಗಿಯವರ ಫೋನಿನ ಡಿಸ್‌ಪ್ಲೇ ಒಡೆದು, ಅದರ ಅಧಿಕೃತ ಸೆಂಟರ್ ಹುಬ್ಬಳ್ಳಿಯಲ್ಲಿದೆ ಅಂದುಕೊಳ್ಳಿ. ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜ್ ಆಯಿತು. ಅಲ್ಲಿ ಹೋದಮೇಲೆ "ಪಾರ್ಟ್ ಬರಬೇಕು, ನಾಲ್ಕು ದಿನ ಬಿಟ್ಟು ಬನ್ನಿ" ಅಂದರೆ ಇನ್ನೊಂದು ಸಲ ಅಷ್ಟೇ ಖರ್ಚು. ಒಳ್ಳೇ ಕ್ಯಾಮೆರಾದ ಖುಷಿಯೆಲ್ಲ ಅಲ್ಲಿಗೆ ಮುಗಿಯುತ್ತದೆ.

ಫೋನ್ ನೋಡಲು ಹೋಗುವ ಮೊದಲೇ ಕಂಪನಿಯ ವೆಬ್‌ಸೈಟ್‌ನಲ್ಲಿ ಸರ್ವಿಸ್ ಸೆಂಟರ್ ಹುಡುಕುವ ಜಾಗಕ್ಕೆ ಹೋಗಿ ನಿಮ್ಮ ಪಿನ್ ಕೋಡ್ ಹಾಕಿ. ಬಳ್ಳಾರಿ 583101, ರಾಯಚೂರು 584101, ಕೊಪ್ಪಳ 583231, ಗಂಗಾವತಿ 583227. ಹತ್ತಿರದ್ದು ಯಾವುದು ಅಂತ ಬರುತ್ತದೆ. ಅಷ್ಟಕ್ಕೇ ಬಿಡಬೇಡಿ. ಆ ನಂಬರಿಗೆ ಕರೆ ಮಾಡಿ, ನೀವು ತಗೋಬೇಕು ಅಂದುಕೊಂಡಿರುವ ಮಾಡೆಲ್ ಹೆಸರು ಹೇಳಿ ಮೂರು ಪ್ರಶ್ನೆ ಕೇಳಿ. ಡಿಸ್‌ಪ್ಲೇಗೆ ಎಷ್ಟು? ಈಗ ಸ್ಟಾಕ್ ಇದೆಯಾ? ಇಲ್ಲದಿದ್ದರೆ ಎಷ್ಟು ದಿನ? ಡಿಸ್‌ಪ್ಲೇ ಬೆಲೆ ಫೋನಿನ ಬೆಲೆಯ ಅರ್ಧದ ಹತ್ತಿರ ಬಂದರೆ ಆ ಮಾಡೆಲ್ ಬಿಟ್ಟುಬಿಡಿ. ಬಾಗಿದ ಅಂಚಿನ ಪರದೆಗಳಲ್ಲಿ ಇದು ಜಾಸ್ತಿ. ಅವುಗಳಿಗೆ ಟೆಂಪರ್ಡ್ ಗ್ಲಾಸ್ ಕೂಡ ಸರಿಯಾಗಿ ಕೂರುವುದಿಲ್ಲ.

ಊರಿನ ರಿಪೇರಿ ಅಂಗಡಿಯವರನ್ನೂ ಕೇಳಿ. ಅವರ ಡ್ರಾಯರ್‌ನಲ್ಲಿ ಯಾವ ಕಂಪನಿಯ ಡಿಸ್‌ಪ್ಲೇ ಕಾಂಬೋ, ಬ್ಯಾಟರಿ, ಚಾರ್ಜಿಂಗ್ ಬೋರ್ಡ್ ಇರುತ್ತದೋ ಅದೇ ನಮ್ಮ ಕಡೆ ಓಡುವ ಫೋನು. ಸ್ಯಾಮ್‌ಸಂಗ್, ರೆಡ್ಮಿ, ವಿವೋ, ಒಪ್ಪೋ, ರಿಯಲ್‌ಮಿಯ ಓಡುವ ಮಾಡೆಲ್‌ಗಳ ಸಾಮಾನು ಸಿಂಧನೂರಿನಂಥ ಊರಲ್ಲೂ ಹುಡುಕಿದರೆ ಸಿಗುತ್ತದೆ. ಗೂಗಲ್‌ನ ಪಿಕ್ಸೆಲ್, ನಥಿಂಗ್ ಅನ್ನುವ ಕಂಪನಿಯ ಫೋನುಗಳಿಗೆ ಅಷ್ಟು ಸುಲಭವಲ್ಲ. ಪಿಕ್ಸೆಲ್ ಒಳ್ಳೇ ಫೋನು, ಅದರಲ್ಲಿ ಅನುಮಾನವಿಲ್ಲ. ಬೆಂಗಳೂರಿಗೆ ಆಗಾಗ ಹೋಗಿ ಬರುವವರಾದರೆ ತಗೊಳ್ಳಿ. ತಾಲೂಕು ಬಿಟ್ಟು ಹೊರಗೆ ಹೋಗುವುದೇ ಅಪರೂಪ ಅನ್ನುವವರಿಗೆ ನಾನು ಹೇಳುವುದಿಲ್ಲ.

ಕಂಪನಿ ಉಳಿಯುತ್ತಾ ಅನ್ನುವುದನ್ನೂ ನೋಡಬೇಕು. ಎಲ್‌ಜಿಯಂಥ ದೊಡ್ಡ ಕಂಪನಿಯೇ 2021ರಲ್ಲಿ ಫೋನ್ ವ್ಯಾಪಾರ ನಿಲ್ಲಿಸಿತು.

ನೆಟ್‌ವರ್ಕ್

ಬಾಕ್ಸ್ ಮೇಲೆ 5ಜಿ ಅಂತ ಇದ್ದರೆ ಸಾಲದು, ಯಾವ ಬ್ಯಾಂಡ್‌ಗಳು, ಅಂದರೆ ಸಿಗ್ನಲ್ ಓಡುವ ಯಾವ ತರಂಗಗಳನ್ನು ಫೋನ್ ಹಿಡಿಯುತ್ತದೆ ಅನ್ನುವುದು ಮುಖ್ಯ. ಜಿಯೋ 5ಜಿ ಮುಖ್ಯವಾಗಿ ಎನ್78 ಮತ್ತು ಎನ್28ರಲ್ಲಿ ಓಡುತ್ತದೆ. ಎನ್28 ಅಂದರೆ 700 ಮೆಗಾಹರ್ಟ್ಸ್. ಇದು ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಟವರ್‌ನಿಂದ ದೂರ ಇರುವ ಹಳ್ಳಿಗೆ ಇದೇ ಆಸರೆ. ಏರ್‌ಟೆಲ್‌ಗೆ ಎನ್78 ಬೇಕು. ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿಯನ್ನು 2025ರ ಸೆಪ್ಟೆಂಬರ್ 27ರಂದು ದೇಶಕ್ಕೆ ತೆರೆಯಿತು. ಅದಕ್ಕೆ 700ರ ಬ್ಯಾಂಡ್ 28 ಮತ್ತು 2100ರ ಬ್ಯಾಂಡ್ 1 ಬೇಕು. ಹಳೆಯ 4ಜಿ ಫೋನುಗಳಲ್ಲಿ ಬ್ಯಾಂಡ್ 28 ಇಲ್ಲದವು ಸಾಕಷ್ಟಿವೆ. ಬಿಎಸ್‌ಎನ್‌ಎಲ್ ಸಿಮ್ ಇಟ್ಟುಕೊಂಡು ನೆಟ್ ಬರಲ್ಲ ಅನ್ನುವವರು ಸಿಮ್ ಬಯ್ಯುವ ಮೊದಲು ಫೋನಿನ ಬ್ಯಾಂಡ್ ಪಟ್ಟಿ ನೋಡಿ. ಆ ಪಟ್ಟಿ ಕಂಪನಿಯ ವೆಬ್‌ಸೈಟ್‌ನಲ್ಲಿ, ಮಾಡೆಲ್‌ನ ಪುಟದಲ್ಲಿ ಇರುತ್ತದೆ.

ಇನ್ನೂ ಸುಲಭದ ದಾರಿ ಇದೆ. ನೀವು ನೋಡುತ್ತಿರುವ ಮಾಡೆಲ್ ಇರುವ ಸಂಬಂಧಿಕರೋ ಗೆಳೆಯರೋ ಇದ್ದರೆ ಅವರನ್ನು ಮನೆಗೆ ಕರೆಸಿ, ನಿಮ್ಮ ಸಿಮ್ ಅವರ ಫೋನಿಗೆ ಹಾಕಿ, ಮನೆಯ ಒಳಕೋಣೆಯಲ್ಲಿ ಕೂತು ಒಂದು ಕರೆ ಮಾಡಿ.

ಚಾರ್ಜರ್

ಈಗ ಎಲ್ಲವೂ ಸಿ ಟೈಪ್, ಐಫೋನ್ 15ರಿಂದ ಐಫೋನೂ ಸಿ ಟೈಪ್. ಪಿನ್ ಒಂದೇ ಆದಮಾತ್ರಕ್ಕೆ ಚಾರ್ಜ್ ಆಗುವ ವೇಗ ಒಂದೇ ಅಲ್ಲ. ಬೇಗ ಚಾರ್ಜ್ ಮಾಡುವ ವಿಧಾನ ಒಂದೊಂದು ಕಂಪನಿಗೆ ಒಂದೊಂದು. ಒಪ್ಪೋ, ರಿಯಲ್‌ಮಿ, ಒನ್‌ಪ್ಲಸ್‌ನವು ಸೂಪರ್‌ವೂಕ್. ವಿವೋದ್ದು ಫ್ಲ್ಯಾಶ್‌ಚಾರ್ಜ್. ಸ್ಯಾಮ್‌ಸಂಗ್, ಪಿಕ್ಸೆಲ್‌ಗೆ ಪಿಡಿ ಪಿಪಿಎಸ್ ಅನ್ನುವ ವಿಧಾನ ಇರುವ ಚಾರ್ಜರ್ ಬೇಕು. ಮನೆಯಲ್ಲಿರುವ 67 ವ್ಯಾಟ್, 80 ವ್ಯಾಟ್ ಚಾರ್ಜರಿಗೆ ಹೊಸ ಕಂಪನಿಯ ಫೋನ್ ಹಾಕಿದರೆ ಹಲವು ಸಲ ನಿಧಾನಕ್ಕೇ ಚಾರ್ಜ್ ಆಗುತ್ತದೆ. ಆಪಲ್ 2020ರ ಐಫೋನ್ 12ರಿಂದ ಬಾಕ್ಸ್‌ನಲ್ಲಿ ಚಾರ್ಜರ್ ಕೊಡುವುದನ್ನೇ ನಿಲ್ಲಿಸಿತು, ಅದರ ಬೆನ್ನಿಗೇ ಸ್ಯಾಮ್‌ಸಂಗೂ ನಿಲ್ಲಿಸಿತು. ಹಾಗಾಗಿ ಆ ಕಡೆ ಹೋಗುವವರು ಚಾರ್ಜರಿನ ದುಡ್ಡನ್ನೂ ಫೋನಿನ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ರಸ್ತೆ ಬದಿಯ ಅಗ್ಗದ ಚಾರ್ಜರ್ ಬೇಡ. ಚಾರ್ಜರಿನ ಮೇಲೆ ಸರ್ಕಾರದ ಬಿಐಎಸ್ ಗುಣಮಟ್ಟದ ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇರಬೇಕು.

ಅಪ್‌ಡೇಟ್ ಮತ್ತು ಜಾಹೀರಾತು

ಫೋನ್‌ಪೇ, ಬ್ಯಾಂಕ್ ಆಪ್ ಎಲ್ಲ ಒಂದೇ ಫೋನಿನಲ್ಲಿ ಇರುವಾಗ ಸೆಕ್ಯುರಿಟಿ ಅಪ್‌ಡೇಟ್ ಸುಮ್ನೆ ಬಿಡುವ ಮಾತಲ್ಲ. 2023ರ ಅಕ್ಟೋಬರ್‌ನಲ್ಲಿ ಬಂದ ಪಿಕ್ಸೆಲ್ 8ಕ್ಕೆ ಗೂಗಲ್ 7 ವರ್ಷದ ಅಪ್‌ಡೇಟ್ ಮಾತು ಕೊಟ್ಟಿತು. 2024ರ ಜನವರಿಯಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್‌ಸಂಗೂ 7 ವರ್ಷ ಅಂದಿತು. ಅಗ್ಗದ ಎ16 5ಜಿಗೆ 6 ವರ್ಷ. ಈ ಬೆಲೆಯ ಫೋನಿಗೆ ಇಷ್ಟು ದೀರ್ಘ ಮಾತು ಕೊಡುವವರು ಕಡಿಮೆ. ಮೊಟೊರೊಲಾ ಜಿ ಸರಣಿಯ ಹಲವು ಮಾಡೆಲ್‌ಗಳಿಗೆ ಆಂಡ್ರಾಯ್ಡ್ ಹೊಸ ಆವೃತ್ತಿ ಸಿಗುವುದು ಒಂದೋ ಎರಡೋ ಸಲ. ಆದರೆ ಮೊಟೊರೊಲಾದಲ್ಲಿ ಬೇಡದ ಆಪ್‌ಗಳ ಕಾಟ ಕಡಿಮೆ, ಆಂಡ್ರಾಯ್ಡ್ ಹಗುರವಾಗಿದೆ. ಎರಡು ವರ್ಷಕ್ಕೊಮ್ಮೆ ಫೋನ್ ಬದಲಿಸುವವರಿಗೆ ಅದೇ ಒಳ್ಳೆಯದು. ಒಂದು ಫೋನನ್ನು ಐದಾರು ವರ್ಷ ಇಟ್ಟುಕೊಳ್ಳುವವರಿಗೆ ಸ್ಯಾಮ್‌ಸಂಗ್ ಆಗಬಹುದು.

ಜಾಹೀರಾತಿನ ಕಾಟಕ್ಕೆ ಕಂಪನಿ ಬದಲಿಸುವ ಮೊದಲು ಸೆಟ್ಟಿಂಗ್ಸ್ ನೋಡಿ. ಲಾಕ್ ಸ್ಕ್ರೀನ್ ಮೇಲೆ ದಿನಕ್ಕೊಂದು ಚಿತ್ರ, ಸುದ್ದಿ ತೋರಿಸುವ ಗ್ಲಾನ್ಸ್ ಅನ್ನುವುದು ಹಲವು ಕಂಪನಿಗಳ ಫೋನಿನಲ್ಲಿದೆ. ಅದನ್ನು ಮಾಡಿದ್ದು ಬೆಂಗಳೂರಿನ ಇನ್‌ಮೊಬಿ ಬಳಗ. ಲಾಕ್ ಸ್ಕ್ರೀನ್ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು. ಕಂಪನಿಯ ಸ್ವಂತ ಆಪ್ ಸ್ಟೋರ್‌ನ ನೋಟಿಫಿಕೇಷನ್ ಬಂದ್ ಮಾಡಿದರೆ ಅರ್ಧ ನೆಮ್ಮದಿ.

ಐಫೋನಿಗೆ ಹೋಗುವವರಿಗೆ

ಐಫೋನ್ ತಗೊಂಡರೆ ಬಾಳಿಕೆ ಬರುತ್ತದೆ, ಇದು ನಿಜ. 2018ರ ಐಫೋನ್ ಎಕ್ಸ್‌ಆರ್‌ಗೆ 2024ರ ಐಓಎಸ್ 18 ಸಿಕ್ಕಿತು. ಹಳೇ ಐಫೋನಿಗೆ ಮರುಮಾರಾಟದ ಬೆಲೆಯೂ ಚೆನ್ನಾಗಿ ಬರುತ್ತದೆ. ಆದರೆ ನಮ್ಮ ಕಡೆ ಬಳಕೆಗೆ ಅಡ್ಡ ಬರುವ ಕೆಲವು ವಿಷಯಗಳನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಒಂದು, ಸಿಮ್. ಇಲ್ಲಿ ಮಾರುವ ಐಫೋನುಗಳಲ್ಲಿ ಸಾಮಾನ್ಯವಾಗಿ ಕೈಯಲ್ಲಿ ಹಿಡಿಯುವ ಸಿಮ್ ಒಂದೇ ಹಾಕಲು ಜಾಗ. ಎರಡನೇ ನಂಬರ್ ಬೇಕಾದರೆ ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಸೇರುವ ಸಿಮ್) ಮಾಡಿಸಬೇಕು. ಫೋನ್ ಕೆಟ್ಟ ದಿನ ಸಿಮ್ ತೆಗೆದು ಹಳೇ ಫೋನಿಗೆ ಹಾಕುವ ಸುಲಭ ಅದರಲ್ಲಿ ಇಲ್ಲ. ಎರಡು, ಮೆಮೊರಿ ಕಾರ್ಡ್ ಹಾಕಲು ಆಗುವುದಿಲ್ಲ. ಮೂರು, ಕಾಲ್ ರೆಕಾರ್ಡಿಂಗ್. ಐಫೋನಿನಲ್ಲಿ ಐಓಎಸ್ 18.1ರಿಂದ ಅದು ಬಂದಿದೆ, ಆದರೆ ರೆಕಾರ್ಡ್ ಆಗುತ್ತಿದೆ ಅಂತ ಆ ಕಡೆಯವರಿಗೂ ಕೇಳುವಂತೆ ಹೇಳುತ್ತದೆ. ಗೂಗಲ್ ಡಯಲರ್ (ಕರೆ ಮಾಡುವ ಗೂಗಲ್‌ನ ಆಪ್) ಇರುವ ಆಂಡ್ರಾಯ್ಡ್‌ಗಳಲ್ಲೂ ಹಾಗೆಯೇ. ಎಪಿಎಂಸಿಯಲ್ಲಿ ಫೋನಿನ ಮೇಲೆಯೇ ರೇಟು ಮಾತಾಡುವ ದಲಾಲಿ ಅಂಗಡಿಯವರು ಈ ವಿಷಯವನ್ನು ಮೊದಲೇ ಗಮನಿಸಿ. ನಾಲ್ಕು, ಸರ್ಕಾರಿ ಆಪ್‌ಗಳು. ಬೆಳೆ ಸಮೀಕ್ಷೆಯಂಥ ಆಪ್ ಬಳಸುವ ರೈತರು, ಇಲಾಖೆಯ ಆಪ್ ಇಲ್ಲದೆ ಕೆಲಸ ನಡೆಯದ ಅಂಗನವಾಡಿ, ಆಶಾ ಕಾರ್ಯಕರ್ತೆಯರು, ಐಫೋನ್ ಇರುವ ಯಾರದಾದರೂ ಫೋನಿನಲ್ಲಿ ಆಪ್ ಸ್ಟೋರ್ ತೆರೆದು ಆ ಆಪ್ ಇದೆಯಾ ಅಂತ ಹುಡುಕಿ ನೋಡಿ. ಇಲ್ಲದಿದ್ದರೆ ಐಫೋನ್ ಮಾತು ಅಲ್ಲಿಗೇ ಬಿಡಿ.

ಕನ್ನಡ ಟೈಪಿಂಗ್‌ಗೆ ಎರಡೂ ಕಡೆ ಕೀಬೋರ್ಡ್ ಇದೆ. ಮಾತಾಡಿ ಕನ್ನಡ ಬರೆಸುವವರಿಗೆ ಆಂಡ್ರಾಯ್ಡ್‌ನ ಜಿಬೋರ್ಡ್ ನನಗೆ ಹೆಚ್ಚು ಹಿಡಿಸುತ್ತದೆ.

ಹಾಗಾದರೆ ಯಾರಿಗೆ ಯಾವುದು?

ದಿನವೆಲ್ಲ ಹೊಲ, ರೋಡು, ಲಾರಿ ಅನ್ನುವವರು ದೊಡ್ಡ ಬ್ಯಾಟರಿಯ ವಿವೋ, ಐಕೂ, ರಿಯಲ್‌ಮಿ ಕಡೆ ಹೋಗಿ, ಆದರೆ ಧೂಳಿನ ಅಂಕಿ ನೋಡಿಕೊಂಡು. ಹಳೇ ಫೋನಿನ ಅಪ್‌ಡೇಟ್ ನಿಂತು ಬೇಸರವಾದವರು, ಒಂದೇ ಫೋನಿನಲ್ಲಿ ಐದು ವರ್ಷ ಕಳೆಯಬೇಕು ಅನ್ನುವವರು ಸ್ಯಾಮ್‌ಸಂಗ್‌ಗೆ ಹೋಗಿ, ಬ್ಯಾಟರಿ ಸ್ವಲ್ಪ ಕಡಿಮೆ ಅನ್ನುವುದನ್ನು ಒಪ್ಪಿಕೊಂಡು. ಜಾಹೀರಾತಿಗೆ ರೋಸಿದವರಿಗೆ ಮೊಟೊರೊಲಾ. ಕಾಲೇಜಿನ ಹುಡುಗರು ಐಫೋನ್ ಬೇಕೇ ಬೇಕು ಅಂತ ಮನೆಯಲ್ಲಿ ಹಟ ಹಿಡಿಯುವುದನ್ನು ನೋಡುತ್ತಿದ್ದೇನೆ. ಅಪ್ಪ ಅಮ್ಮ ಸಾಲ ಮಾಡಿ ಕೊಡಿಸುವ ಪರಿಸ್ಥಿತಿ ಇದ್ದರೆ ದಯವಿಟ್ಟು ಬೇಡ. ಆ ಬೆಲೆಯ ಮೂರನೇ ಒಂದು ಭಾಗಕ್ಕೆ ಓದಿಗೆ, ಫೋಟೋಗೆ, ಎಲ್ಲಕ್ಕೂ ಆಗುವ ಫೋನು ಸಿಗುತ್ತದೆ. ಈಗಿರುವ ಕಂಪನಿಯ ಸರ್ವಿಸ್ ಸೆಂಟರ್ ನಿಮ್ಮ ಊರಲ್ಲೇ ಇದ್ದು, ಅವರು ಸರಿಯಾಗಿ ನೋಡಿಕೊಂಡಿದ್ದರೆ ಅದೇ ಕಂಪನಿಯಲ್ಲಿ ಉಳಿಯಿರಿ. ನಮ್ಮ ಕಡೆ ಅದು ಸಣ್ಣ ಸವಲತ್ತಲ್ಲ.

ಅಂಗಡಿಯಲ್ಲಿ ಒಂದೊಂದು ಕಂಪನಿಯ ಟೀ ಶರ್ಟ್ ಹಾಕಿಕೊಂಡು ನಿಂತ ಹುಡುಗರು ಆ ಕಂಪನಿಯ ಪ್ರಮೋಟರ್‌ಗಳು. ತಮ್ಮ ಕಂಪನಿಯ ಫೋನ್ ಮಾರುವುದು ಅವರ ಕೆಲಸ. ಅವರ ಮಾತು ಕೇಳಿ, ಮಾಹಿತಿ ತಗೊಳ್ಳಿ. ಹೋಲಿಕೆಯನ್ನು ಮಾತ್ರ ನೀವೇ ಮಾಡಿ.

ಬದಲಿಸುವ ದಿನ

ವಾಟ್ಸಾಪ್ ಮೊದಲು. ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ ಆದರೆ ಕಂಪನಿ ಯಾವುದೇ ಇರಲಿ, ಗೂಗಲ್ ಡ್ರೈವ್ ಬ್ಯಾಕಪ್‌ನಿಂದ ಚಾಟ್ ವಾಪಸ್ ಬರುತ್ತದೆ. 2023ರಿಂದ ಎರಡು ಫೋನು ಪಕ್ಕಪಕ್ಕ ಇಟ್ಟು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಯೂ ಸಾಗಿಸಬಹುದು. ವಾಟ್ಸಾಪ್ ಬ್ಯಾಕಪ್ ಈಗ ಗೂಗಲ್‌ನ 15 ಜಿಬಿ ಉಚಿತ ಜಾಗದಲ್ಲೇ ಲೆಕ್ಕವಾಗುತ್ತದೆ. ಅದು ತುಂಬಿದ್ದರೆ ನಿಮ್ಮ ಬ್ಯಾಕಪ್ ತಿಂಗಳ ಹಿಂದೆಯೇ ನಿಂತಿರಬಹುದು, ಕೊನೆಯ ಬ್ಯಾಕಪ್ ತಾರೀಕು ನೋಡಿಕೊಳ್ಳಿ. ಐಫೋನಿಗೆ ಹೋಗುವವರಿಗೆ ಡ್ರೈವ್ ಬ್ಯಾಕಪ್ ಕೆಲಸಕ್ಕೆ ಬರುವುದಿಲ್ಲ. ಮೂವ್ ಟು ಐಓಎಸ್ ಅನ್ನುವ ಆಪ್‌ನಲ್ಲಿ, ಹೊಸ ಐಫೋನ್ ಮೊದಲ ಸಲ ಆನ್ ಮಾಡಿ ಹೊಂದಿಸುವಾಗಲೇ ಸಾಗಿಸುವುದು ಸುಲಭ.

ಫೋನ್ ನಂಬರ್‌ಗಳು ಗೂಗಲ್ ಖಾತೆಯಲ್ಲಿ ಸೇವ್ ಆಗಿವೆಯಾ ನೋಡಿ. ಎಷ್ಟೋ ಜನರ ನಂಬರ್‌ಗಳು ಫೋನಿನಲ್ಲೋ ಸಿಮ್‌ನಲ್ಲೋ ಕಂಪನಿಯ ಖಾತೆಯಲ್ಲೋ ಇರುತ್ತವೆ. ಕಂಪನಿಯ ಸ್ವಂತ ನೋಟ್ಸ್ ಆಪ್‌ನಲ್ಲಿ ಬರೆದಿಟ್ಟ ಬೀಜ ಗೊಬ್ಬರದ ಲೆಕ್ಕ, ಪ್ರೈವೇಟ್ ಸೇಫ್‌ನಲ್ಲಿ ಬಚ್ಚಿಟ್ಟ ದಾಖಲೆಗಳ ಫೋಟೋ ಸಾಮಾನ್ಯವಾಗಿ ತಾವಾಗಿ ಬರುವುದಿಲ್ಲ. ಆಧಾರ್, ಪಹಣಿ, ಪಾಸ್‌ಬುಕ್ ಫೋಟೋ ಅಲ್ಲಿದ್ದರೆ ಕೈಯಾರೆ ಹೊರಗೆ ತೆಗೆದಿಡಿ.

ಯುಪಿಐ ಆಪ್ ಹೊಸ ಫೋನಿನಲ್ಲಿ ಮತ್ತೆ ಹೊಂದಿಸಬೇಕು. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿ ಇರಬೇಕು, ಅದರಿಂದ ಎಸ್‌ಎಂಎಸ್ ಹೋಗುವಷ್ಟು ಬ್ಯಾಲೆನ್ಸ್ ಇರಬೇಕು. ಹೊಂದಿಸಿದ ಮೊದಲ 24 ಗಂಟೆ ಸಾಮಾನ್ಯವಾಗಿ 5000 ರೂಪಾಯಿಗಿಂತ ಜಾಸ್ತಿ ಕಳಿಸಲು ಆಗುವುದಿಲ್ಲ, ಐಫೋನಿನಲ್ಲಿ ಇನ್ನೂ ಹೆಚ್ಚು ಹೊತ್ತು. ಭತ್ತ ಕೊಯ್ಯುವ ಮಷಿನ್‌ನವರಿಗೆ ದುಡ್ಡು ಕೊಡಬೇಕಾದ ದಿನವೇ ಫೋನ್ ಬದಲಿಸಬೇಡಿ.

ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು *#06# ಒತ್ತಿ. ಬರುವ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರ್, ಬಾಕ್ಸ್ ಮೇಲೂ ಬಿಲ್ಲಿನ ಮೇಲೂ ಅದೇ ಇರಬೇಕು. ಸೆಕೆಂಡ್ ಹ್ಯಾಂಡ್ ಆದರೆ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಆ ನಂಬರ್ ಹಾಕಿ, ಕದ್ದದ್ದೋ ಬ್ಲಾಕ್ ಆದದ್ದೋ ನೋಡಿಕೊಳ್ಳಿ. ಮುಂದೆ ನಿಮ್ಮ ಫೋನ್ ಕಳೆದರೆ ಬ್ಲಾಕ್ ಮಾಡಿಸುವುದೂ ಅಲ್ಲೇ, ಅದಕ್ಕೂ ಬಿಲ್ ಬೇಕಾಗುತ್ತದೆ. ಕಂತಿನ ಮೇಲೆ ತಗೊಂಡರೆ ಪ್ರೊಸೆಸಿಂಗ್ ಫೀ ಎಷ್ಟು, ಒಂದು ಕಂತು ತಪ್ಪಿದರೆ ದಂಡ ಎಷ್ಟು, ಫೋನ್ ಲಾಕ್ ಮಾಡುವ ಆಪ್ ಹಾಕುತ್ತೀರಾ ಅಂತ ಕೇಳಿ ಬರೆಸಿಕೊಳ್ಳಿ.

ಹಳೇ ಫೋನನ್ನು ಎಕ್ಸ್‌ಚೇಂಜ್‌ಗೆ ಅವತ್ತೇ ಕೊಡಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಸಾಧ್ಯವಾದರೆ ಒಂದು ವಾರ ಮನೆಯಲ್ಲಿ ಇರಲಿ, ಏನು ಬಂದಿಲ್ಲ ಅನ್ನುವುದು ಬಳಸುವಾಗಲೇ ಗೊತ್ತಾಗುವುದು. ಕೊಡುವ ದಿನ ಮೊದಲು ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆ ತೆಗೆದು, ಮೆಮೊರಿ ಕಾರ್ಡ್ ಹೊರಗೆಳೆದು, ಆಮೇಲೆ ರೀಸೆಟ್ ಮಾಡಿ. ಖಾತೆ ತೆಗೆಯದೆ ಬಟನ್ ಒತ್ತಿ ರೀಸೆಟ್ ಮಾಡಿದರೆ ತಗೊಂಡವರಿಗೆ ನಿಮ್ಮ ಹಳೇ ಪಾಸ್‌ವರ್ಡ್ ಕೇಳುತ್ತದೆ, ಅವರು ಫೋನ್ ಹಿಡಿದುಕೊಂಡು ಮತ್ತೆ ನಿಮ್ಮನ್ನೇ ಹುಡುಕಿಕೊಂಡು ಬರಬೇಕಾಗುತ್ತದೆ.